ನೆರೆಯ ಕಟ್ಟಡವೂ ನಮ್ಮ ತಕರಾರೂ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಮನೆಯೋ, ತುಂಡು ಹಿತ್ತಿಲೋ ಉಂಟು. ನಾವು ಇಲ್ಲಿ ದುಡಿಯುತ್ತಿರುವಾಗ ಅಲ್ಲಿ ಪಕ್ಕದವರು ಮಹಡಿ ಎಬ್ಬಿಸುತ್ತಾರೆ. ಇಲ್ಲವೆ ನಾವು ಹೊಟ್ಟೆಬಟ್ಟೆ ಕಟ್ಟಿ ಕಳುಹಿಸಿದ ಹಣದಲ್ಲಿ ಏಳುತ್ತಿರುವ ಮನೆಗೆ ಪಕ್ಕದವರೇ ತಕರಾರು ತೆಗೆಯುತ್ತಾರೆ. ಕಟ್ಟುವವನಿಗೂ ತಡೆಯುವವನಿಗೂ ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಕಟ್ಟುವವನ ಕರ್ತವ್ಯ. ಕರ್ನಾಟಕದ ಹಳ್ಳಿಯಲ್ಲಿ ಮನೆ ಕಟ್ಟಲು, ಇದ್ದ ಮನೆಯನ್ನು ಬೆಳೆಸಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಕಲಮು ಇದನ್ನು ವಿಧಿಸುತ್ತದೆ. ಜಾಗ ಸಾಗುವಳಿಯದಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮನ್ನೂ ನೋಡಬೇಕು. ರೈತನು ತನ್ನ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಬಹುದು. ಅಂಗಡಿ, ಛತ್ರ ಮುಂತಾದವುಗಳಿಗೆ ಭೂಮಿಯ ಪರಿವರ್ತನೆ ಆಗಿರಬೇಕು. ಪಟ್ಟಣದ ಸುತ್ತಲಿನ ಹಳ್ಳಿಗಳು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ನಕ್ಷೆಯೊಳಗೆ ಬಂದಿದ್ದರೆ, ಆ ನಕ್ಷೆಗೂ ತಲೆಬಾಗಬೇಕು.

ಈ ನಿಯಮಗಳನ್ನು ಮುರಿದರೆ ಕೇಳುವ ಹಕ್ಕು ಸರಕಾರಕ್ಕೆ ಮಾತ್ರವೇ, ನೆರೆಯವನಿಗೂ ಉಂಟೇ? ಇದಕ್ಕೆ ನಮ್ಮ ಉಡುಪಿಯಿಂದಲೇ ಹೋದ ಒಂದು ಮೊಕದ್ದಮೆ ಉತ್ತರ ಕೊಟ್ಟಿತು. ಅಲ್ಲಿ ವಾಸದ ಮನೆಗಳ ವಲಯವೊಂದರಲ್ಲಿ ಕಲ್ಯಾಣ ಮಂಟಪಕ್ಕೆಂದು ಪರವಾನಗಿ ಪಡೆದ ಕಟ್ಟಡವನ್ನು ಸಿನೆಮಾ ಮಂದಿರ ಮಾಡಲು ಪುರಸಭೆ ಒಪ್ಪಿತು. ಅದು ಊರಿನ ಯೋಜನೆಗೆ ವಿರುದ್ಧವೆಂದು ಅಲ್ಲಿನ ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಪುರಸಭೆಯ ನಿರ್ಣಯವನ್ನು ರದ್ದುಗೊಳಿಸಲಿಲ್ಲ. ಕಟ್ಟುವವರು ಹಣ ಸುರಿದಿರಬಹುದೆಂಬುದು ಅದಕ್ಕೊಂದು ಕಾರಣವಾಯಿತು. 1974ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಯೋಜನೆ ಇರುವುದೇ ಅಲ್ಲಿ ವಾಸಿಸುವವರ ಹಿತಕ್ಕಾಗಿ. ಅದನ್ನು ಪಾಲಿಸೆಂದು ಕೇಳುವ ಹಕ್ಕು ಅವರಿಗುಂಟು. ಹಣ ಖರ್ಚಾಯಿತೆಂದು ಅಕ್ರಮವು ಸಕ್ರಮವಾಗದು ಎಂಬುದೇ ತೀರ್ಪಿನ ಸಾರ.

ಉಡುಪಿ ಪಟ್ಟಣವಾದರೂ ಈ ಪಾಠ ಹಳ್ಳಿಗೂ ಸಲ್ಲುತ್ತದೆ. ಪಂಚಾಯಿತಿಯ ಅಧಿಕಾರವೂ ಕಾಯಿದೆ ಕೊಟ್ಟದ್ದೇ. ಅದರ ಎಲ್ಲೆ ಮೀರಿದರೆ ಪ್ರಶ್ನಿಸಬಹುದು.

ಆದರೆ ಎಲ್ಲ ಅಸಮಾಧಾನವೂ ತಕರಾರಾಗದು. ಪಕ್ಕದ ಮನೆ ಎತ್ತರವಾಯಿತು, ನಮ್ಮ ಜಗಲಿಯಿಂದ ಗುಡ್ಡ ಕಾಣದಾಯಿತು ಎಂದು ದಾವೆ ಹೂಡಿದರೆ ನಿಲ್ಲದು. ಕಿಟಕಿಯ ಗಾಳಿ ಬೆಳಕಿನ ಮಾತು ಬೇರೆ: 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಂತೆ ಅನುಭವಿಸಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಕೇಳಬಹುದು. ಹೊಟ್ಟೆಕಿಚ್ಚಿಗೆ ಮಾತ್ರ ಯಾವ ಕಲಮೂ ಇಲ್ಲ.

ದೂರದಲ್ಲಿರುವ ನಾವು ಮಾಡಬೇಕಾದದ್ದೇನು? ಫೋನಿನಲ್ಲಿ ಕೇಳಿದ ಸುದ್ದಿಯನ್ನೇ ನಂಬಿ ಜಗಳಕ್ಕೆ ನಿಲ್ಲಬಾರದು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಪಂಚಾಯಿತಿಗೆ ಅಂಚೆಯ ಮೂಲಕವೇ ಅರ್ಜಿ ಹಾಕಿ, ಕೊಟ್ಟ ಅನುಮತಿಯ ಮತ್ತು ನಕ್ಷೆಯ ಪ್ರತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಆದರೆ ಆ ಉತ್ತರಕ್ಕಾಗಿ ಕೈಕಟ್ಟಿ ಕೂರಬಾರದು. ತಳಪಾಯ ತೋಡುವಾಗಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮೇಲ್ಮನವಿಗೆ ವಾಯಿದೆಯುಂಟು, ಗೋಡೆ ಎದ್ದು ತಾರಸಿ ಬಿದ್ದ ಮೇಲೆ ಎಚ್ಚತ್ತವನ ಕೆಲಸ ಕಠಿಣ.

ನಾವೇ ಕಟ್ಟಿಸುವವರಾದರೆ, ಇದೇ ಪಾಠವನ್ನು ತಿರುಗಿಸಿ ಓದಬೇಕು. "ಅನುಮತಿ ಆಮೇಲೆ ನೋಡಿಕೊಂಡರಾಯಿತು" ಎನ್ನುವ ಮೇಸ್ತ್ರಿಯ ಮಾತಿಗೆ ಒಪ್ಪಿ ಹಣ ಕಳುಹಿಸಬಾರದು. ಹತ್ತು ವರ್ಷದ ಉಳಿತಾಯ ಹಾಕಿದ್ದೇವೆಂಬ ಮಾತು ನ್ಯಾಯಾಲಯದಲ್ಲಿ ಗೋಡೆಯನ್ನು ಕಾಯದು.

ನೆನಪಿಡತಕ್ಕ ಅಂಶಗಳು:
1. ಅನುಮತಿ ಮೊದಲು, ತಳಪಾಯ ಆಮೇಲೆ.
2. ಅಪ್ಪಣೆ ಪಡೆದ ಉದ್ದೇಶಕ್ಕೇ ಕಟ್ಟಡವನ್ನು ಬಳಸಬೇಕು.
3. ತಕರಾರು ನಿಯಮದ ಮೇಲೆ ನಿಲ್ಲಬೇಕು, ಹಗೆಯ ಮೇಲಲ್ಲ.
4. ಕಾಗದ ಕೈಗೆ ಬಂದ ಮೇಲೆ ವಕೀಲರನ್ನು ಕಾಣಬೇಕು. ಅದಕ್ಕೂ ಮೊದಲು ಒಮ್ಮೆ ನೆರೆಯವರನ್ನು ಕಂಡು ಮಾತನಾಡಬೇಕು. ಮೊಕದ್ದಮೆ ಮುಗಿದ ಮೇಲೂ ಎರಡು ಮನೆಗಳ ನಡುವೆ ಬೇಲಿ ಒಂದೇ ಇರುತ್ತದೆ.