ನಾಲ್ಕು ಅಂಗೈಯಗಲ ರಬ್ಬರು

ಹಳೆಯ ಕಾರಿನ ಟೈರು ನೋಡುವವರು ಸಾಮಾನ್ಯವಾಗಿ ಬಟನ್ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ನಾನು ಮೊದಲು ಹುಡುಕುವುದು ತಾರೀಖು. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಟೈರಿನ ಪಕ್ಕದ ಗೋಡೆಯ ಮೇಲೆ ‘ಡಿಒಟಿ’ ಎಂದು ಶುರುವಾಗುವ ಒಂದು ಸಾಲು ಅಚ್ಚಾಗಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. ಪೂರ್ತಿ ಸಾಲು ಎಷ್ಟೋ ಸಲ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ. ಆ ಮಗ್ಗುಲು ಒಳಗಡೆ ಬಂದಿದ್ದರೆ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಕಾರಿನಡಿಗೆ ಟಾರ್ಚು ಬಿಟ್ಟು ಓದಬೇಕು. 2021ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1992ರ ಮಜ್ದಾ ಮಿಯಾಟಾ ಕೊಂಡಾಗ ನಾನು ಹಾಗೆ ಮಲಗಿ ಓದಿದ್ದು 2309. ಅಂದರೆ 2009ರ ಇಪ್ಪತ್ತಮೂರನೇ ವಾರ.

ಮಾರಿದ ಹಿರಿಯರು ‘ಟೈರು ಹೊಸದರ ಹಾಗೇ ಇವೆ’ ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಇಲ್ಲಿನವರು ಕ್ವಾರ್ಟರ್ ನಾಣ್ಯವನ್ನು ತಲೆಕೆಳಗಾಗಿ ಟೈರಿನ ಸಂದಿಗೆ ಇಟ್ಟು ನೋಡುತ್ತಾರೆ. ವಾಷಿಂಗ್ಟನ್ನರ ತಲೆಯ ತುದಿ ರಬ್ಬರಿನೊಳಗೆ ಮುಳುಗಿದರೆ ಮೂರು ಮಿಲಿಮೀಟರಿಗಿಂತ ಹೆಚ್ಚು ಆಳವಿದೆ ಎಂದರ್ಥ. ನಾನು ಇಟ್ಟಾಗ ತಲೆಯ ಜೊತೆಗೆ ಹಣೆಯೂ ಮುಳುಗಿತು. ಆದರೆ ಆ ಸಂದಿಯ ತಳಕ್ಕೆ ಟಾರ್ಚು ಬಿಟ್ಟು ಬೆರಳಿನಿಂದ ಬಟನ್‌ಗಳನ್ನು ಅಗಲಿಸಿದರೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಉದ್ದಕ್ಕೂ ಓಡಿದ್ದವು. ಉಗುರು ಒತ್ತಿದರೆ ರಬ್ಬರು ಒಳಗೆ ಹೋಗಲಿಲ್ಲ. ಮನೆಗೆ ತರುವ ದಾರಿಯಲ್ಲಿ ಅದರ ಅರ್ಥ ತಿಳಿಯಿತು. ಹೆದ್ದಾರಿಗೆ ಏರುವ ಸುತ್ತು ರಸ್ತೆಯಲ್ಲಿ, ಯಾರೂ ವೇಗ ಎನ್ನದ ವೇಗದಲ್ಲಿ, ಹಿಂದಿನ ಚಕ್ರಗಳು ಯಾವ ಸೂಚನೆಯನ್ನೂ ಕೊಡದೆ ಒಂದು ಗೇಣು ಹೊರಕ್ಕೆ ಜಾರಿದವು.

ಓಡಿಸದೆ ನಿಲ್ಲಿಸಿದ ಕಾರಿನ ಟೈರು ಬೇಗ ಹಾಳಾಗುವುದಕ್ಕೆ ಕಾರಣವಿದೆ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ತಯಾರಿಸುವಾಗಲೇ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ, ಬಾಗಿ, ಬಿಸಿಯಾದಾಗ ಅವು ಒಳಗಿನಿಂದ ಮೇಲ್ಮೈಗೆ ಬಂದು ಪದರವಾಗಿ ನಿಲ್ಲುತ್ತವೆ. ಗ್ಯಾರೇಜಿನಲ್ಲಿ ಸುಮ್ಮನೆ ನಿಂತ ಕಾರಿಗೆ ಆ ರಕ್ಷಣೆ ಸಿಗುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳ ಪೈಕಿ ಬಹುಪಾಲು ನಿಂತೇ ಬಾಳುವಂಥವು, ಅದಕ್ಕೇ ಈ ಮಾತು ಅವುಗಳಿಗೆ ಹೆಚ್ಚು ಅನ್ವಯಿಸುತ್ತದೆ. ಆರು ವರ್ಷವಾದರೆ ಬದಲಿಸಿ ಎಂದು ಹಲವು ಕಾರು ಕಂಪನಿಗಳು ಹೇಳುತ್ತವೆ. ಹತ್ತು ವರ್ಷದ ಮೇಲೆ ಬೇಡವೇ ಬೇಡ ಎಂದು ಟೈರು ಕಂಪನಿಗಳೇ ಹೇಳುತ್ತವೆ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತದಲ್ಲಿ ಇದ್ದದ್ದು 2005ರ ಪೋರ್ಷೆ ಕರೆರಾ ಜಿಟಿ. ಕಾರಣ ಅತಿವೇಗ ಎಂದು ತನಿಖೆ ಹೇಳಿತು. ಕಾರಿನ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು ಎಂಬುದನ್ನೂ ಅದೇ ವರದಿ ದಾಖಲಿಸಿತು. ಎರಡನೆಯ ಸಂಗತಿಯನ್ನು ಕಾರಿನವರು ಇನ್ನೂ ಹೆಚ್ಚು ಮಾತಾಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಬದಲಿಸುವುದಂತೂ ಸರಿ, ಯಾವುದನ್ನು ಹಾಕುವುದು? ಇದಕ್ಕೆ ಉತ್ತರ ಟೈರಿನ ಅಂಗಡಿಯಲ್ಲಿ ಸಿಗಲಿಲ್ಲ, ಕಾರಿನಲ್ಲೇ ಸಿಕ್ಕಿತು. ಮಿಯಾಟಾ ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ವಾಹನ ಮೇಳದಲ್ಲಿ. ಅದನ್ನು ರೂಪಿಸಿದ ತಂಡದ ಮುಖ್ಯ ಎಂಜಿನಿಯರ್ ಟೊಶಿಹಿಕೊ ಹಿರಾಯ್. 1.6 ಲೀಟರಿನ ಎಂಜಿನ್ನು, 116 ಅಶ್ವಶಕ್ತಿ, ಸಾವಿರ ಕಿಲೋ ಆಸುಪಾಸಿನ ತೂಕ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್. ಇಷ್ಟಕ್ಕೆ ಅವರು ಹಾಕಿದ್ದು ಬರೀ 185 ಮಿಲಿಮೀಟರ್ ಅಗಲದ, ಹದಿನಾಲ್ಕು ಇಂಚಿನ ಟೈರು. ಇದು ಕಂಜೂಸಿತನವಲ್ಲ. ಹಿಡಿತ ಮಿತವಾಗಿದ್ದರೆ ಸಾಧಾರಣ ವೇಗದಲ್ಲೇ ಕಾರು ಮಾತಾಡಲು ಶುರುಮಾಡುತ್ತದೆ. ತಿರುವಿನಲ್ಲಿ ಮುಂದಿನ ಟೈರು ಬಾಗುವುದು, ಭಾರ ಹೊರಗಿನ ಚಕ್ರಕ್ಕೆ ಹೋಗಿ ಕೂರುವುದು, ಇನ್ನು ಸಾಕು ಎಂದು ಹಿಂಬದಿ ಹೇಳುವುದು, ಎಲ್ಲವೂ ಕೈಗೆ ತಿಳಿಯುತ್ತದೆ. ನನ್ನ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ, ಹಾಗಾಗಿ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ.

ಇದಕ್ಕೆ ವ್ಯತಿರಿಕ್ತವಾದದ್ದನ್ನೂ ಓಡಿಸಿ ನೋಡಿದ್ದೇನೆ. ಪರಿಚಯದವರೊಬ್ಬರು ಇದೇ ತಲೆಮಾರಿನ ಮಿಯಾಟಾಗೆ ರೇಸ್ ಟ್ರ್ಯಾಕಿನ ಹವ್ಯಾಸಿಗಳು ಬಳಸುವ, 205 ಅಗಲದ ಅಂಟು ರಬ್ಬರಿನ ಟೈರು ಹಾಕಿಸಿದ್ದರು. ಬ್ರಿಜ್‌ಸ್ಟೋನ್ ಆರ್‌ಇ-71ಆರ್, ಫಾಲ್ಕನ್ ಆರ್‌ಟಿ615ಕೆ ಪ್ಲಸ್ ಇವೆಲ್ಲ ಆ ವರ್ಗದವು. ಸಾರಟೋಗಾದಿಂದ ಹೈವೇ 9 ಹತ್ತಿ, ಮೇಲೆ ಸ್ಕೈಲೈನ್ ರಸ್ತೆ ಹಿಡಿದು ವುಡ್‌ಸೈಡ್ ಕಡೆ ಹೊರಟೆವು. ಹಿಡಿತದ ಬಗ್ಗೆ ಎರಡು ಮಾತಿಲ್ಲ, ಕಾರು ಹಳಿ ಮೇಲೆ ಹೋದಂತೆ ಹೋಯಿತು. ಆದರೆ ಅದು ಏನನ್ನಾದರೂ ಹೇಳಬೇಕಾದರೆ ನಾನು ಹೋಗಬೇಕಾಗಿದ್ದ ವೇಗ ಸಾರ್ವಜನಿಕ ರಸ್ತೆಗೆ ಸಲ್ಲುವಂಥದ್ದಲ್ಲ. ಆ ತಿರುವುಗಳಲ್ಲಿ ಎದುರಿನಿಂದ ಸೈಕಲ್ಲಿನವರು ಬರುತ್ತಾರೆ, ರಸ್ತೆಗೆ ಜಿಂಕೆ ಇಳಿಯುತ್ತದೆ. ಮೇಲಾಗಿ ಆ ರಬ್ಬರು ಬಿಸಿಯಾದ ಮೇಲೆಯೇ ಹದಕ್ಕೆ ಬರುವುದು. ಬೆಳಗಿನ ಚಳಿಯಲ್ಲಿ ಮೊದಲ ಕೆಲವು ಮೈಲಿ ಅದು ಒರಟು, ಮೊಂಡು. ಸಣ್ಣ ಕಲ್ಲುಗಳನ್ನು ಹೆಕ್ಕಿ ಚಕ್ರದ ಗೂಡಿಗೆ ಎಸೆಯುವ ಸದ್ದು ಬೇರೆ. ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿಯಾದ ಆಯ್ಕೆ. ಹಾಲು ತರಲಿಕ್ಕೂ ಬೆಟ್ಟ ಹತ್ತಲಿಕ್ಕೂ ಒಂದೇ ಕಾರು ಒಯ್ಯುವ ನನಗಲ್ಲ.

ಇನ್ನು ಅಳತೆ. ಹಳೆಯ ಕಾರಿನವರ ನಿಜವಾದ ಸಂಕಟ ಇಲ್ಲಿದೆ. ಹದಿನಾಲ್ಕು ಇಂಚಿನ ಒಳ್ಳೆಯ ಟೈರುಗಳು ಒಂದೊಂದಾಗಿ ಮಾರುಕಟ್ಟೆಯಿಂದ ಮಾಯವಾಗುತ್ತಿವೆ, ಏಕೆಂದರೆ ಹೊಸ ಕಾರುಗಳ ರಿಮ್ ಬೆಳೆಯುತ್ತಲೇ ಇದೆ. 185/60 ಆರ್14 ಎಂದು ಕೇಳಿದರೆ ಹೆಚ್ಚಾಗಿ ತೋರಿಸುವುದು ಸಂಸಾರದ ಸಣ್ಣ ಕಾರುಗಳಿಗೆ ಮಾಡಿದ, ಬಾಳಿಕೆಯೇ ಮುಖ್ಯವಾದ ಟೈರುಗಳನ್ನು. ಅವು ಕೆಟ್ಟವಲ್ಲ, ಆದರೆ ಅವುಗಳ ಬಟನ್ ಮೆತ್ತಗೆ ಹೊಯ್ದಾಡಿ ಸ್ಟೇರಿಂಗಿನ ಚುರುಕನ್ನು ನುಂಗಿಬಿಡುತ್ತವೆ. ನನಗೆ ದಾರಿ ತೋರಿಸಿದ್ದು ಮಜ್ದಾ ಕಂಪನಿಯೇ. 1999ರ ಮಾದರಿಯಾಗಿ ಬಂದ ಎರಡನೇ ತಲೆಮಾರಿನ ಮಿಯಾಟಾಗೆ ಅವರು ಹದಿನೈದು ಇಂಚಿನ, ಆರಿಂಚು ಅಗಲದ ರಿಮ್ ಮತ್ತು 195/50 ಆರ್15 ಟೈರನ್ನೂ ಕೊಟ್ಟಿದ್ದರು. ನಟ್ಟಿನ ಅಂತರ ಅದೇ, ನಡುವಿನ ರಂಧ್ರ ಅದೇ. ಲೆಕ್ಕ ಹಾಕಿ ನೋಡಿದೆ. ಹಳೆಯ ಅಳತೆಯ ಚಕ್ರದ ವ್ಯಾಸ 577.6 ಮಿಲಿಮೀಟರ್, ಹೊಸದರದ್ದು 576. ಸ್ಪೀಡೋಮೀಟರ್ ತಪ್ಪು ತೋರಿಸುವ ಭಯವಿಲ್ಲ, ಗೇರಿನ ನಡೆ ಬದಲಾಗುವುದಿಲ್ಲ, ತಿರುಗಿಸಿದಾಗ ಎಲ್ಲೂ ಉಜ್ಜುವುದಿಲ್ಲ. ಅದೇ 195/55 ಹಾಕಿದರೆ ವ್ಯಾಸ 595.5ಕ್ಕೆ ಏರುತ್ತದೆ, ಮೊದಲೇ ಬಡಪಾಯಿಯಾದ ಎಂಜಿನ್ನಿಗೆ ಎಲ್ಲ ಗೇರೂ ಉದ್ದವಾಗುತ್ತದೆ. ಐದು ಅಂಕಿಯ ವ್ಯತ್ಯಾಸ ಎಂದು ಅಸಡ್ಡೆ ಮಾಡುವಂತಿಲ್ಲ.

ಇದರಲ್ಲಿ ಕಳೆದುಕೊಂಡದ್ದೂ ಉಂಟು. ಟೈರಿನ ಪಕ್ಕದ ಗೋಡೆ 111 ಮಿಲಿಮೀಟರಿನಿಂದ 97.5ಕ್ಕೆ ಇಳಿಯಿತು. ರಸ್ತೆಯ ಕೀಲುಗಳು ಈಗ ಸೊಂಟಕ್ಕೆ ಇನ್ನಷ್ಟು ಚೆನ್ನಾಗಿ ತಿಳಿಯುತ್ತವೆ. ಕಾರಿನ ಜೊತೆ ಬಂದ ಏಳು ಕಡ್ಡಿಯ ರಿಮ್ ಒಂದೊಂದೂ ಐದೂವರೆ ಕಿಲೋ ಆಸುಪಾಸು, ಹೂವಿನ ಹಾಗೆ ಹಗುರ. ಹದಿನೈದರದ್ದು ಅಷ್ಟು ಹಗುರವಲ್ಲ. ಹದಿನಾಲ್ಕಿನಲ್ಲಿ ಮನಸ್ಸಿಗೆ ಹಿಡಿಸುವ ಟೈರು ಸಿಕ್ಕಿದ್ದರೆ ನಾನು ರಿಮ್ ಮುಟ್ಟುತ್ತಿರಲಿಲ್ಲ.

ಟೈರಿನ ಮೇಲೆ ಅಚ್ಚಾಗಿರುವ ದರ್ಜೆಗಳನ್ನು ಓದುವಾಗ ಎಚ್ಚರ ಬೇಕು. ‘ಟ್ರೆಡ್‌ವೇರ್’ ಎಂಬ ಸಂಖ್ಯೆ ಸವಕಳಿಯದ್ದು. ಟೆಕ್ಸಾಸಿನ ಸ್ಯಾನ್ ಏಂಜಲೊ ಸುತ್ತಿನ ಗೊತ್ತುಪಡಿಸಿದ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿನ ಸವಕಳಿಗೆ ಹೋಲಿಸಿ ಅದನ್ನು ಕೊಡುತ್ತಾರೆ. ಕೊಡುವುದು ಕಂಪನಿಯೇ ಹೊರತು ಸರ್ಕಾರವಲ್ಲ, ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ರ ಪಕ್ಕ ಇಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಆದರೂ 200 ಎಂದಿದ್ದರೆ ಅಂಟು ರಬ್ಬರು, 500 ದಾಟಿದರೆ ಗಟ್ಟಿ ರಬ್ಬರು ಎಂಬ ಅಂದಾಜಿಗೆ ಸಾಕು. ‘ಟ್ರ್ಯಾಕ್ಷನ್’ ಎಂಬ ದರ್ಜೆಯ ಹೆಸರು ನೋಡಿ ತಿರುವಿನ ಹಿಡಿತ ಎಂದುಕೊಳ್ಳುವವರಿದ್ದಾರೆ. ಅದು ನೀರು ಹಾಕಿದ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ, ನೇರ ದಾರಿಯಲ್ಲಿ ಬ್ರೇಕು ಹಿಡಿದಾಗಿನ ಲೆಕ್ಕ ಮಾತ್ರ. ತಿರುವಿನಲ್ಲಿ ಟೈರು ಹೇಗೆ ಬಿಡುತ್ತದೆ, ಮೆಲ್ಲಗೋ ಪಟ್ಟನೆಯೋ, ಎಂಬುದನ್ನು ಹೇಳುವ ಅಂಕಿ ಯಾವ ಟೈರಿನ ಮೇಲೂ ಇಲ್ಲ. ನನಗೆ ಬೇಕಾಗಿದ್ದು ಅದೊಂದೇ. ಅದನ್ನು ಓಡಿಸಿದವರ ಬಾಯಿಂದಲೇ ಕೇಳಬೇಕು, ಅದೂ ಹಗುರವಾದ ಕಾರಿನಲ್ಲಿ ಓಡಿಸಿದವರ ಬಾಯಿಂದ.

ಒದ್ದೆ ರಸ್ತೆಯ ಬಗ್ಗೆ ನಾನು ಹಟ ಹಿಡಿದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ, ನಿನಗ್ಯಾಕೆ ಆ ಚಿಂತೆ ಎಂದು ಸ್ನೇಹಿತರು ಕೇಳಿದರು. ಸಾಂತಾಕ್ರೂಝ್ ಬೆಟ್ಟಗಳಿಗೆ ಬೆಳಗ್ಗೆ ಹೋದವರಿಗೆ ಗೊತ್ತು. ಕಡಲಿನಿಂದ ಬರುವ ಮಂಜು ರೆಡ್‌ವುಡ್ ಮರಗಳ ಎಲೆಗಳಲ್ಲಿ ಸಿಕ್ಕಿ ತೊಟ್ಟಿಕ್ಕುತ್ತದೆ. ಕಣಿವೆಯಲ್ಲಿ ಒಣ ಬಿಸಿಲಿದ್ದರೂ ಮೇಲೆ ಮರದಡಿಯ ರಸ್ತೆಯಷ್ಟೇ ನೆನೆದಿರುತ್ತದೆ, ತಿರುವು ದಾಟಿದರೆ ಮತ್ತೆ ಒಣಗಿರುತ್ತದೆ. ನಾನು ಗಾಡಿ ಕಲಿತದ್ದು ತೀರ್ಥಹಳ್ಳಿಯಲ್ಲಿ, ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಹತ್ತಿ ಕೈ ಪಳಗಿದ್ದು. ನೀರಿನಲ್ಲಿ ಟೈರು ಮೊದಲೇ ಎಚ್ಚರಿಸಬೇಕು ಎಂಬುದು ಅಲ್ಲಿಂದ ಬಂದ ಅಭ್ಯಾಸ. ಅಗಲ ಟೈರು ಬೇಡ ಎನ್ನುವುದಕ್ಕೂ ಇದೇ ಕಾರಣ. ಹಗುರ ಕಾರಿಗೆ ಟೈರು ಅಗಲವಾದಷ್ಟೂ ನೀರನ್ನು ಒತ್ತಿ ಹೊರಹಾಕುವುದು ಕಷ್ಟ, ಬೇಗ ತೇಲುತ್ತದೆ.

ಕೊನೆಗೆ ಆರಿಸಿದ್ದು ಫೈರ್‌ಸ್ಟೋನ್ ಫೈರ್‌ಹಾಕ್ ಇಂಡಿ 500, ಬೇಸಿಗೆ ಟೈರು, ಸವಕಳಿ ದರ್ಜೆ 340. ಬೇಸಿಗೆ ಟೈರಿನ ರಬ್ಬರು ಸುಮಾರು ಏಳು ಡಿಗ್ರಿ ಸೆಲ್ಸಿಯಸ್ ಕೆಳಗೆ ಬಿರುಸಾಗುತ್ತದೆ, ಹೆಪ್ಪುಗಟ್ಟುವ ಚಳಿಯಲ್ಲಿ ಸೀಳಲೂಬಹುದು. ಟಾಹೊ ಕಡೆಯ ಹಿಮಕ್ಕೆ ಈ ಕಾರನ್ನು ನಾನು ಒಯ್ಯುವುದಿಲ್ಲವಾದ್ದರಿಂದ ಸರಿಹೋಯಿತು. ಶಿಕಾಗೋದಲ್ಲೋ ಟೊರಾಂಟೊದಲ್ಲೋ ಇದ್ದಿದ್ದರೆ ಬೇರೆಯದನ್ನೇ ಹೇಳುತ್ತಿದ್ದೆ.

ಜೋಡಿಸಿದ ಮೇಲಿನ ಎರಡು ಕೆಲಸಗಳಿಗೆ ಟೈರಿನ ಆಯ್ಕೆಯಷ್ಟೇ ತೂಕವಿದೆ. ಮೊದಲನೆಯದು ಗಾಳಿ. ಮಿಯಾಟಾದ ಬಾಗಿಲಿನ ಚೀಟಿ ಹೇಳುವುದು ಮುಂದೆ ಹಿಂದೆ ಎರಡಕ್ಕೂ 26 ಪಿಎಸ್‌ಐ. ಟೈರು ಹಾಕಿದ ಹುಡುಗ ಆ ಚೀಟಿಯನ್ನು ನಂಬಲಿಲ್ಲ, ಎಲ್ಲ ಕಾರಿಗೂ ತುಂಬುವ ಹಾಗೆ 35 ತುಂಬಿಸಿದ. ಅಂಗಡಿಯಿಂದ ಹೊರಬಿದ್ದ ತಕ್ಷಣ ಕಾರು ಪುಟಿಯತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಗೇಜು ಹಿಡಿದು ಇಳಿಸಿದೆ. 82 ಎಂಬ ಭಾರ ಸೂಚಿಯ ಟೈರು ಒಂದೊಂದೂ 475 ಕಿಲೋ ಹೊರಬಲ್ಲದು, ನಾಲ್ಕು ಸೇರಿದರೆ ಕಾರಿನ ತೂಕದ ಹೆಚ್ಚೂಕಮ್ಮಿ ಎರಡರಷ್ಟು. ಹಾಗಾಗಿ ಚೀಟಿ ಹೇಳುವಷ್ಟು ಗಾಳಿಯಲ್ಲಿ ಅಪಾಯವಿಲ್ಲ. ಹೆಚ್ಚು ತುಂಬಿದರೆ ನೆಲ ಮುಟ್ಟುವ ಅಂಗೈಯಗಲದ ರಬ್ಬರು ಇನ್ನೂ ಕಿರಿದಾಗುತ್ತದೆ, ಅಷ್ಟೇ. ಎರಡನೆಯದು ಅಲೈನ್‌ಮೆಂಟ್. ಈ ಕಾರಿನಲ್ಲಿ ನಾಲ್ಕೂ ಚಕ್ರದ ಕ್ಯಾಂಬರ್ ತಿದ್ದಬಹುದು, ಆದರೆ ತಿದ್ದುವ ಬೋಲ್ಟುಗಳು ಮೂವತ್ತು ವರ್ಷದ ತುಕ್ಕಿಗೆ ಸಿಕ್ಕಿ ಕಚ್ಚಿಕೊಂಡಿರುತ್ತವೆ. ಕೆಲಸಕ್ಕೆ ಕೆಲವು ದಿನ ಮುಂಚಿನಿಂದಲೇ ಅವಕ್ಕೆ ತುಕ್ಕಿನೆಣ್ಣೆ ಬಿಡುತ್ತಾ ಬಂದದ್ದು ಒಳ್ಳೆಯದಾಯಿತು, ಎಲ್ಲವೂ ಬಿಚ್ಚಿಕೊಂಡವು.

ಹಳೆಯ ನಾಲ್ಕು ಟೈರು ಅಂಗಡಿಯಲ್ಲೇ ಉಳಿದವು. ಅವುಗಳಿಂದ ಸವೆದ ಪುಡಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಓಝೋನ್ ತಡೆಯಲು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ಜೊತೆ ಸೇರಿ ಬದಲಾದ ಮೇಲೆ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಎಂದು 2020ರಲ್ಲಿ ವಾಷಿಂಗ್ಟನ್ ರಾಜ್ಯದ ಸಂಶೋಧಕರು ಕಂಡುಹಿಡಿದರು. ಸಾಂತಾಕ್ರೂಝ್ ಬೆಟ್ಟದ ಸ್ಕಾಟ್ ಕ್ರೀಕ್‌ನಲ್ಲಿ ಆ ಮೀನು ಇನ್ನೂ ಉಳಿದಿದೆ. 6ಪಿಪಿಡಿಗೆ ಬದಲಿ ಹುಡುಕಿ ಎಂದು 2023ರಲ್ಲಿ ಕ್ಯಾಲಿಫೋರ್ನಿಯಾ ಟೈರು ಕಂಪನಿಗಳಿಗೆ ನಿಯಮ ಮಾಡಿದೆ. ಬದಲಿ ಬಂದ ದಿನ ನನ್ನ ಮುಂದಿನ ಟೈರಿನ ಆಯ್ಕೆಗೆ ಅದೇ ಮೊದಲ ಷರತ್ತು.

ಮೊನ್ನೆ ಗೆಳೆಯನೊಬ್ಬ ಫೋನು ಮಾಡಿ, ‘ನನ್ನ ಎಸ್2000ಗೂ ನಿನ್ನ ಟೈರೇ ಹಾಕ್ಸಲೇನೋ ಮಾರಾಯ?’ ಎಂದು ಕೇಳಿದ. ಅವನದು 2001ರ ಹೊಂಡಾ, ಮುಂದೆ 205, ಹಿಂದೆ 225 ಅಗಲ. ಹಿಂದಿನ ಎರಡು ಮಾತ್ರ ಬೋಡಾಗಿದ್ದವು, ಅವೆರಡನ್ನೇ ಬದಲಿಸುವ ಯೋಚನೆ ಅವನದು. ‘ಮುಂದಿನವು ಯಾವ ವರ್ಷದವು ನೋಡು ಮೊದಲು’ ಎಂದೆ. ಆ ಕಾರಿನ ಹಿಂಬದಿ ಮಿಯಾಟಾದಷ್ಟು ತಾಳ್ಮೆಯದಲ್ಲ. ಮುಂದೊಂದು ಜಾತಿ ಹಿಂದೊಂದು ಜಾತಿ ಟೈರು ಹಾಕಿದರೆ ಮಳೆಯಲ್ಲಿ ಯಾವುದು ಮೊದಲು ಬಿಡುತ್ತದೆ ಎಂದು ಹೇಳಲಾಗದು. ಅರ್ಧ ಗಂಟೆ ಬಿಟ್ಟು ಕಾರಿನಡಿಯಿಂದಲೇ ಫೋನು ಮಾಡಿದ. ‘1113 ಅಂತಿದೆ ಕಣೋ’ ಎಂದ. ನಾಲ್ಕನ್ನೂ ಒಟ್ಟಿಗೆ ತರಿಸಿದ್ದಾನೆ.