ತಾಲಪುಟನ ಕಣ್ಣೀರು, ರಾಕಿಯ ಸಾವು


*ಇಂದಿನ ಧಮ್ಮ ಚಿಂತನೆ*
ಓದು: ಸಂಯುತ್ತ ನಿಕಾಯ, ಗಾಮಣಿ ಸಂಯುತ್ತ, ತಾಲಪುಟ ಸುತ್ತ



ಹೋದ ವಾರ ನಮ್ಮ ಗುಂಪಿನಲ್ಲಿ ತಾಯಿಯೊಬ್ಬರು ಒಂದು ಪ್ರಶ್ನೆ ಹಾಕಿದ್ದರು. ಕಾಲೇಜಿಗೆ ಹೋಗುವ ಅವರ ಮಗ ಮೊಬೈಲಿನಲ್ಲಿ ಯಾವುದೋ ಇಂಗ್ಲಿಷ್ ಸೀರಿಯಲ್ ನೋಡುತ್ತಾ, ಅದರಲ್ಲಿ ಒಬ್ಬ ಸತ್ತ ಎಂದು ರಾತ್ರಿ ಊಟ ಬಿಟ್ಟನಂತೆ. "ಇಲ್ಲದ ಮನುಷ್ಯನಿಗೆ ಅಳೋದು ಎಂಥಾ ಮೋಹ? ಇದಕ್ಕೆ ಬುದ್ಧ ಭಗವಾನರು ಏನಾದರೂ ಹೇಳಿದ್ದಾರಾ?" ಎಂದು ಕೇಳಿದ್ದರು. ಹೇಳಿದ್ದಾರೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಸುತ್ತದ ಕಥೆ. ರಾಜಗೃಹದ ವೇಳುವನದಲ್ಲಿ ಭಗವಾನರು ಇದ್ದಾಗ ತಾಲಪುಟ ಎಂಬ ನಾಟಕ ತಂಡದ ಯಜಮಾನ ಬಂದ. ಅವನ ಕಸುಬಿನ ಹಿರಿಯರು ಅವನಿಗೆ ಒಂದು ಮಾತು ಹೇಳಿಕೊಟ್ಟಿದ್ದರು: ರಂಗದ ಮೇಲೆ ನಿಜವನ್ನೂ ಸುಳ್ಳನ್ನೂ ಬೆರೆಸಿ ಜನರನ್ನು ನಗಿಸುವ, ರಂಜಿಸುವ ನಟನು ಸತ್ತ ಮೇಲೆ ನಗುವ ದೇವತೆಗಳ ಲೋಕದಲ್ಲಿ ಹುಟ್ಟುತ್ತಾನೆ ಎಂದು. ಇದು ನಿಜವೇ ಎಂದು ಅವನು ಕೇಳಿದ. ಭಗವಾನರು "ಬಿಡು, ಇದನ್ನು ಕೇಳಬೇಡ" ಎಂದರು. ಎರಡನೇ ಸಲವೂ ಬೇಡ ಎಂದರು. ಮೂರನೇ ಸಲ ಕೇಳಿದಾಗ ಉತ್ತರ ಕೊಟ್ಟರು. ನೋಡಲು ಬಂದವರು ಮೊದಲೇ ರಾಗ, ದ್ವೇಷ, ಮೋಹಗಳಿಂದ ಕಟ್ಟಿಹೋದವರು. ನಟನು ಆ ಮೂರನ್ನೂ ಇನ್ನಷ್ಟು ಬಿಗಿ ಮಾಡುತ್ತಾನೆ. ತಾನೂ ಮತ್ತನಾಗಿ ಅವರನ್ನೂ ಮತ್ತರನ್ನಾಗಿ ಮಾಡುವವನಿಗೆ ಸ್ವರ್ಗ ಎಲ್ಲಿಂದ ಬರಬೇಕು, ನರಕವೇ ಗತಿ, ಎಂಬುದು ಅದರ ತಾತ್ಪರ್ಯ.

ಇಲ್ಲಿನ ಸ್ವರ್ಗ-ನರಕದ ಮಾತನ್ನು ನಾವು ಬಾಬಾಸಾಹೇಬರು ತೋರಿಸಿದ ದಾರಿಯಲ್ಲೇ ಓದೋಣ. ಸತ್ತ ಮೇಲೆ ಎಲ್ಲಿ ಹುಟ್ಟುತ್ತೇವೆ ಎಂಬುದಕ್ಕಿಂತ, ಬದುಕಿರುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ನಮಗೆ ಮುಖ್ಯ. ಭಗವಾನರು ನಾಟಕವೇ ಪಾಪ ಎಂದು ಹೇಳಿ ಬಾಗಿಲು ಹಾಕಿಬಿಡಲಿಲ್ಲ. ಪ್ರೇಕ್ಷಕನು ಖಾಲಿ ಕೈಯಲ್ಲಿ ಬರುವುದಿಲ್ಲ, ತನ್ನ ಗಂಟನ್ನು ಹೊತ್ತುಕೊಂಡೇ ಬರುತ್ತಾನೆ ಎಂದು ತೋರಿಸಿದರು. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಮಾತನ್ನು ಇಂದಿನ ಸೀರಿಯಲ್ಲಿಗೆ ಹಿಡಿದು ನೋಡಬಹುದು.

ಆ ಹುಡುಗ ನೋಡುತ್ತಿದ್ದದ್ದು 'ಗೇಮ್ ಆಫ್ ಥ್ರೋನ್ಸ್'. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರ ಕಾದಂಬರಿಗಳನ್ನು ಆಧರಿಸಿ 2011ರಿಂದ 2019ರವರೆಗೆ ಬಂದ ಧಾರಾವಾಹಿ. ಅದರ ಮೊದಲ ಸೀಸನ್ನಿನಲ್ಲಿ ನೆಡ್ ಸ್ಟಾರ್ಕ್ ಎಂಬ ನೇರ ನಡೆಯ ಮನುಷ್ಯನೇ ಕಥಾನಾಯಕ ಎಂದು ಎಲ್ಲರೂ ನಂಬಿರುತ್ತಾರೆ. ಒಂಬತ್ತನೇ ಕಂತಿನಲ್ಲಿ ಜನರ ಮುಂದೆಯೇ ಅವನ ತಲೆ ಕಡಿಯುತ್ತಾರೆ. 2013ರ ಜೂನ್‌ನಲ್ಲಿ ಬಂದ ಕಂತಿನಲ್ಲಿ ಒಂದು ಮದುವೆ ಊಟದ ಮನೆಯಲ್ಲೇ ಅವನ ಮಗ ರಾಬ್, ರಾಬ್‌ನ ಬಸುರಿ ಹೆಂಡತಿ, ತಾಯಿ ಕ್ಯಾಟ್‌ಲಿನ್ ಎಲ್ಲರನ್ನೂ ಕೊಲ್ಲುತ್ತಾರೆ. ಇದಕ್ಕೆ 'ರೆಡ್ ವೆಡ್ಡಿಂಗ್' ಎಂದು ಹೆಸರು. ಕಾದಂಬರಿ ಓದಿದ್ದವರಿಗೆ ಇದು 2000ದಲ್ಲೇ ಗೊತ್ತಿತ್ತು. ಅವರು ಮೊಬೈಲ್ ಹಿಡಿದು ಕಾದು ಕುಳಿತು, ಏನೂ ಗೊತ್ತಿಲ್ಲದ ತಮ್ಮ ಮನೆಯವರು ಕಿರುಚುವುದನ್ನು, ಅಳುವುದನ್ನು, ದಿಂಬು ಎಸೆಯುವುದನ್ನು ಚಿತ್ರೀಕರಿಸಿ ಜಗತ್ತಿಗೆಲ್ಲಾ ಹಂಚಿದರು. ಪಕ್ಕದಲ್ಲಿ ಕೂತವನ ದುಃಖವೇ ಇನ್ನೊಂದು ಮನರಂಜನೆಯಾಯಿತು. ತಾಲಪುಟನ ಕಾಲದಲ್ಲಿ ಇಷ್ಟು ಸೌಲಭ್ಯ ಇರಲಿಲ್ಲ!

ಮರುವರ್ಷ ಏಪ್ರಿಲ್‌ನಲ್ಲಿ ಅದೇ ಕಥೆಯ ದುಷ್ಟ ಬಾಲರಾಜ ಜಾಫ್ರಿ ತನ್ನ ಮದುವೆಯಲ್ಲಿ ವಿಷ ಕುಡಿದು, ತಾಯಿಯ ತೋಳಿನಲ್ಲಿ ಉಸಿರುಗಟ್ಟಿ ಸಾಯುತ್ತಾನೆ. ಆಗ ಅದೇ ಜನ ಚಪ್ಪಾಳೆ ಹೊಡೆದರು. ನನಗೆ ರೆಡ್ ವೆಡ್ಡಿಂಗಿನ ಅಳುವಿಗಿಂತ ಈ ಚಪ್ಪಾಳೆಯೇ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಒಂದೇ ಪ್ರೇಕ್ಷಕ, ಒಂದೇ ಸೋಫಾ. ಒಂದು ಸಾವಿಗೆ ಎದೆ ಬಡಿದುಕೊಂಡ, ಇನ್ನೊಂದು ಸಾವಿಗೆ ಕುಣಿದ. ಸುತ್ತದಲ್ಲಿ ರಾಗ ಮತ್ತು ದ್ವೇಷವನ್ನು ಬೇರೆ ಬೇರೆ ಹೆಸರಿಸಿರುವುದು ಇದಕ್ಕೇ. ಯಾರಿಗೆ ಅಳಬೇಕು, ಯಾರು ಸತ್ತರೆ ನಗಬೇಕು ಎಂಬುದನ್ನು ಕಥೆ ಬರೆದವನು ಮೊದಲೇ ತೀರ್ಮಾನ ಮಾಡಿರುತ್ತಾನೆ. ಅದು ನಮ್ಮದೇ ತೀರ್ಮಾನ ಎಂದು ನಾವು ನಂಬಿರುತ್ತೇವೆ. ಆ ನಂಬಿಕೆಯೇ ಮೋಹ.

ಇದನ್ನು ನಮ್ಮ ಜನ ಬಹಳ ಹಿಂದೆಯೇ ಅನುಭವಿಸಿದ್ದಾರೆ. ಮಹಾಭಾರತವನ್ನೇ ತೆಗೆದುಕೊಳ್ಳಿ. ಅಭಿಮನ್ಯು ಚಕ್ರವ್ಯೂಹದಲ್ಲಿ ಸತ್ತರೆ ಇಡೀ ಪಾಂಡವ ಪಾಳೆಯ ಅಳುತ್ತದೆ, ಟಿವಿಯ ಮುಂದೆ ಕೂತವರೂ ಅಳುತ್ತಾರೆ. ಅದೇ ದ್ರೋಣಪರ್ವದಲ್ಲಿ ಹಿಡಿಂಬೆಯ ಮಗ ಘಟೋತ್ಕಚ ಸತ್ತಾಗ ಕೃಷ್ಣ ಸಂತೋಷದಿಂದ ಕುಣಿಯುತ್ತಾನೆ. ಕರ್ಣನ ಶಕ್ತ್ಯಾಯುಧ ಇವನ ಮೇಲೆ ಖರ್ಚಾಯಿತು, ಅರ್ಜುನ ಉಳಿದ ಎಂಬುದು ಒಂದು ಕಾರಣ. ಇವನು ಯಜ್ಞಕ್ಕೂ ಬ್ರಾಹ್ಮಣರಿಗೂ ವಿರೋಧಿ, ಇಂದಲ್ಲ ನಾಳೆ ನಾನೇ ಇವನನ್ನು ಕೊಲ್ಲಬೇಕಾಗುತ್ತಿತ್ತು ಎಂಬ ಅರ್ಥದ ಮಾತನ್ನೂ ಅವನು ಆಡುತ್ತಾನೆ. ಇಬ್ಬರೂ ಪಾಂಡವರ ಮಕ್ಕಳೇ. ಒಬ್ಬನ ತಾಯಿ ಅರಮನೆಯವಳು, ಇನ್ನೊಬ್ಬನ ತಾಯಿ ಕಾಡಿನವಳು. ನಮ್ಮ ಕಣ್ಣೀರಿಗೂ ಜಾತಿ ಕಲಿಸಿದ್ದಾರೆ ಬಂಧುಗಳೇ.

ಇದನ್ನು ಕನ್ನಡದಲ್ಲಿ ಗಟ್ಟಿಯಾಗಿ ತಡೆದು ನಿಲ್ಲಿಸಿದವರು ಕುವೆಂಪು. ರಾಮಾಯಣದ ಶಂಬೂಕ ತಪಸ್ಸು ಮಾಡಿದ ಎಂಬ ಕಾರಣಕ್ಕೆ ರಾಮನ ಕೈಯಲ್ಲಿ ಸತ್ತವನು. ಶತಮಾನಗಳ ಕಾಲ ಕೇಳಿದವರಿಗೆ ಅದು ಆಘಾತ ಎನಿಸಲೇ ಇಲ್ಲ. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ನಾಟಕ ಬರೆದು ಶಂಬೂಕನನ್ನು ಉಳಿಸಿದರು. ಅವರ ನಾಟಕದಲ್ಲಿ ಬಾಣ ತಿರುಗಿ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ, ಅವನ ಕಣ್ಣು ತೆರೆಸುತ್ತದೆ. ಮೂಲ ಕಥೆಯನ್ನು ಹೀಗೆ ಬದಲಾಯಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಸಮರ್ಥಿಸಿಕೊಂಡರು. ಎಂ.ಎ. ತರಗತಿಯಲ್ಲಿ ಈ ಚರ್ಚೆ ಓದಿದಾಗ ಅದು ನನಗೆ ಸಾಹಿತ್ಯದ ಜಗಳವಾಗಿ ಕಂಡಿತ್ತು. ಈಗ ನೋಡಿದರೆ ಅದು ಯಾರ ಸಾವು ಸಾವಾಗಿ ಲೆಕ್ಕಕ್ಕೆ ಬರಬೇಕು ಎಂಬ ಪ್ರಶ್ನೆ.

ಇನ್ನು ನಮ್ಮ ಊರಿಗೆ ಬರೋಣ. 'ಕೆಜಿಎಫ್ ಚಾಪ್ಟರ್ 2' ಬಿಡುಗಡೆಯಾದದ್ದು 2022ರ ಏಪ್ರಿಲ್ 14. ಬಾಬಾಸಾಹೇಬರ ಜಯಂತಿಯ ದಿನ. ಬೆಳಿಗ್ಗೆ ನೀಲಿ ಬಾವುಟ ಹಿಡಿದ ಕೈಗಳೇ ಸಂಜೆ ಟಿಕೆಟ್ ಹಿಡಿದಿದ್ದವು. ಅದರಲ್ಲಿ ತಪ್ಪೇನಿಲ್ಲ, ನಾನೂ ನೋಡಿದ್ದೇನೆ. ಚಿತ್ರದ ಕೊನೆಯಲ್ಲಿ ರೀನಾಗೆ ಗುಂಡು ಬೀಳುತ್ತದೆ, ಆಮೇಲೆ ರಾಕಿ ತನ್ನ ಅಷ್ಟೂ ಚಿನ್ನದ ಜೊತೆ ಹಡಗಿನಲ್ಲಿ ಸಮುದ್ರದೊಳಗೆ ಮುಳುಗುತ್ತಾನೆ. ನನ್ನ ಒಂಬತ್ತನೇ ತರಗತಿ ಮಕ್ಕಳು ಒಂದು ವಾರ ಪಾಠ ಕೇಳಲಿಲ್ಲ. "ರಾಕಿ ಸತ್ತಿಲ್ಲ ಸಾರ್, ಮೂರನೇ ಪಾರ್ಟ್ ಇದೆ, ಕೊನೆಗೆ ಫೈಲ್ ತೋರಿಸ್ತಾರೆ ನೋಡಿ" ಎಂದು ವಾದ. ಸಾವನ್ನು ಒಪ್ಪದ ಮನಸ್ಸಿಗೆ ಸಿನಿಮಾದವರು ಒಂದು ಕಿಟಕಿ ತೆರೆದಿಟ್ಟಿರುತ್ತಾರೆ. ಇದು ಹಳೆಯ ಉಪಾಯವೇ. ಹರ್ಷನ 'ನಾಗಾನಂದ' ನಾಟಕದಲ್ಲಿ ಗರುಡನಿಗೆ ತನ್ನ ದೇಹ ಕೊಟ್ಟು ಸತ್ತ ಜೀಮೂತವಾಹನನನ್ನೂ ಕೊನೆಗೆ ಗೌರಿ ಬಂದು ಬದುಕಿಸುತ್ತಾಳೆ. ನಾಂದಿಯಲ್ಲಿ ಬುದ್ಧನ ಸ್ತುತಿ ಇರುವ ನಾಟಕವೇ ಪ್ರೇಕ್ಷಕರಿಗೆ ಮಣಿಯಿತು ಎಂದ ಮೇಲೆ ಸಿನಿಮಾದವರನ್ನು ಏನೆನ್ನುವುದು.

ಒಂದು ದಿನ ಆ ಮಕ್ಕಳಿಗೆ ಹೇಳಿದೆ, ಈ ಸಿನಿಮಾದಲ್ಲಿ ಯಾರ್ಯಾರು ಸಾಯುತ್ತಾರೆ ಬರೆಯಿರಿ. ಎರಡು ನಿಮಿಷದಲ್ಲಿ ಬೋರ್ಡ್ ತುಂಬಿತು. ಯಾರ ಕೈಯಲ್ಲಿ, ಯಾವ ಬಂದೂಕಿನಲ್ಲಿ ಎಂಬುದೂ ಬಂತು. ನರಾಚಿಯ ಗಣಿಯಲ್ಲಿ ಸಾಯುವ ಕೂಲಿಗಳ ಹೆಸರು ಮಾತ್ರ ಬರಲಿಲ್ಲ. ಹೆಚ್ಚಿನವರಿಗೆ ಕಥೆಯಲ್ಲೇ ಹೆಸರಿಲ್ಲ. ಆಮೇಲೆ ಕೇಳಿದೆ, ನಿಮ್ಮ ತಾತ ಎಲ್ಲಿ ಕೆಲಸ ಮಾಡುತ್ತಿದ್ದರು? ಸುಮಾರು ಎಲ್ಲರೂ "ಮೈನ್ಸ್" ಎಂದರು. ಹೇಗೆ ತೀರಿಕೊಂಡರು? "ಕೆಮ್ಮು ಸಾರ್." "ಗೊತ್ತಿಲ್ಲ ಸಾರ್." "ಏರ್ ಬ್ಲಾಸ್ಟ್ ಅಂತೆ, ಅಮ್ಮನ್ನ ಕೇಳಬೇಕು." ಒಬ್ಬ ಹುಡುಗಿಗೆ ತಾತನ ಹೆಸರೇ ಪೂರ್ತಿ ಗೊತ್ತಿರಲಿಲ್ಲ, ಇನಿಷಿಯಲ್ ಮಾತ್ರ ಗೊತ್ತಿತ್ತು.

ಆ ಕೆಮ್ಮಿಗೆ ಸಿಲಿಕೋಸಿಸ್ ಎಂದು ಹೆಸರು. ಬಂಡೆ ಕೊರೆಯುವಾಗ ಏಳುವ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು, ವರ್ಷಗಳ ಮೇಲೆ ಉಸಿರನ್ನೇ ಕಟ್ಟುವ ರೋಗ. ಏರ್ ಬ್ಲಾಸ್ಟ್ ಎಂದರೆ ಆಳದ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. 1880ರಿಂದ ಜಾನ್ ಟೇಲರ್ ಕಂಪನಿಯ ಕಾಲ, ಆಮೇಲೆ ಸರ್ಕಾರದ ಕಾಲ, 2001ರ ಫೆಬ್ರವರಿ 28ಕ್ಕೆ ಮುಚ್ಚುವವರೆಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ತೆಗೆದರು. ತೆಗೆದವರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟಿನಿಂದ ಬಂದ ನಮ್ಮವರೇ. ಚಿತ್ರದ ಸೆಟ್ ಹಾಕಿದ್ದು ಆ ಚಿನ್ನ ತೆಗೆದು ಉಳಿದ ಸೈನೈಡ್ ಮಣ್ಣಿನ ದಿಬ್ಬಗಳ ಮೇಲೆ. ಗಾಳಿ ಎದ್ದರೆ ಅದೇ ದಿಬ್ಬದ ಧೂಳು ನಮ್ಮ ಮನೆಗಳಿಗೆ ಇವತ್ತಿಗೂ ಬರುತ್ತದೆ. ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೆ, 2011ರಲ್ಲಿ, ಇದೇ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಆ ಮೂವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಹಾಗಾದರೆ ಸಿನಿಮಾ, ಸೀರಿಯಲ್ ನೋಡಲೇಬಾರದೇ? ಹಾಗೆ ಹೇಳುವವರ ಜೊತೆ ನಾನಿಲ್ಲ. ಅಳುವ ಹುಡುಗನನ್ನು ಬೈಯುವುದೂ ಸರಿಯಲ್ಲ. ನೆಡ್ ಸ್ಟಾರ್ಕ್ ಸತ್ತಾಗ ಅವನಿಗೆ ಆದ ಆಘಾತದಲ್ಲಿ ಒಂದು ಒಳ್ಳೆಯ ಎಳೆಯೂ ಇದೆ: ಒಳ್ಳೆಯವನಾಗಿರುವುದು ಸಾವಿನಿಂದ ರಕ್ಷಣೆ ಕೊಡುವುದಿಲ್ಲ ಎಂಬ ನಿಜ ಅವನಿಗೆ ತಾಗಿದೆ. ಅನಿತ್ಯದ ಪಾಠವನ್ನು ನಾವು ವಿಹಾರದಲ್ಲಿ ಹೇಳಿದಾಗ ಅವನು ಆಕಳಿಸುತ್ತಾನೆ, ಸೀರಿಯಲ್ ಹೇಳಿದಾಗ ಊಟ ಬಿಡುತ್ತಾನೆ. ಅಷ್ಟರ ಮಟ್ಟಿಗೆ ಸೀರಿಯಲ್ ನಮಗಿಂತ ಒಳ್ಳೆಯ ಮೇಷ್ಟ್ರು ಎಂದು ಒಪ್ಪಿಕೊಳ್ಳೋಣ.

ದುಃಖ ಧಮ್ಮಕ್ಕೆ ವಿರೋಧವಲ್ಲ. ಬಾಬಾಸಾಹೇಬರು ನಾಲ್ಕು ಮಕ್ಕಳನ್ನು ಕಳೆದುಕೊಂಡವರು. 1926ರಲ್ಲಿ ರಾಜರತ್ನ ತೀರಿಕೊಂಡಾಗ ಸ್ನೇಹಿತರಿಗೆ ಬರೆದ ಕಾಗದದಲ್ಲಿ ಅವರು ತಮ್ಮ ದುಃಖವನ್ನು ಮುಚ್ಚಿಡಲಿಲ್ಲ. ವಿಶಾಖೆ ಮೊಮ್ಮಗು ಸತ್ತು ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲೇ ಬಂದಾಗ ಭಗವಾನರು ಅವಳನ್ನು ಗದರಲಿಲ್ಲ. "ಸಾವತ್ಥಿಯಲ್ಲಿ ದಿನಕ್ಕೆ ಎಷ್ಟು ಜನ ಸಾಯುತ್ತಾರೆ?" ಎಂದು ಕೇಳಿದರು. ಹತ್ತು, ಒಂಬತ್ತು, ಕಡೆಗೆ ಒಬ್ಬರಾದರೂ ಸಾಯುತ್ತಾರೆ ಎಂದಳು ಅವಳು. ಊರಿನಷ್ಟು ಮಕ್ಕಳು ನಿನಗಿದ್ದರೆ ನಿನ್ನ ಬಟ್ಟೆ ಒಣಗುವ ದಿನ ಇರುತ್ತದೆಯೇ ಎಂದು ಮತ್ತೆ ಕೇಳಿದರು. ಈ ಸುತ್ತವನ್ನು ಸಾಮಾನ್ಯವಾಗಿ ಪ್ರೀತಿ ಕಡಿಮೆ ಮಾಡಿಕೋ ಎಂಬಂತೆ ಓದುತ್ತಾರೆ. ನನಗೆ ಮೊದಲ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ. ತನ್ನ ಮನೆಯ ಒಂದು ಸಾವಿನಲ್ಲಿ ಮುಳುಗಿದ್ದವಳಿಗೆ ಅವರು ಊರಿನ ಸಾವುಗಳನ್ನು ಎಣಿಸಲು ಹೇಳಿದರು.

ಇನ್ನು ತಾಲಪುಟ. ಉತ್ತರ ಕೇಳಿ ಅವನು ಅತ್ತುಬಿಟ್ಟ. "ಕೇಳಬೇಡ ಎಂದಿದ್ದೆನಲ್ಲ" ಎಂದರು ಭಗವಾನರು. ತನಗೆ ಒದಗುವ ಗತಿಗಾಗಿ ಅಳುತ್ತಿಲ್ಲ ಎಂದ ಅವನು. ಕಸುಬಿನ ಹಿರಿಯರು ಇಷ್ಟು ಕಾಲ ತನ್ನನ್ನು ವಂಚಿಸಿದರಲ್ಲ, ಅದಕ್ಕಾಗಿ ಅಳುತ್ತಿದ್ದೇನೆ ಎಂದ. ಅನಂತರ ಅವನು ಭಿಕ್ಖುವಾದ, ಅರಹಂತನಾದ. ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುವ ಅವನ ಗಾಥೆಗಳು ಥೇರಗಾಥಾದಲ್ಲಿವೆ. ಆ ಅಳುವನ್ನು ಯಾವ ನಾಟಕವೂ ಹೇಳಿಕೊಟ್ಟಿರಲಿಲ್ಲ, ಅದು ಅವನದೇ. ನಮ್ಮ ಹಿರಿಯರೂ ಅಂಥದ್ದೊಂದನ್ನು ಅತ್ತವರು. ಅಯೋತಿ ದಾಸರ ಶಾಕ್ಯ ಬೌದ್ಧ ಸಂಘ ಈ ಮಾರಿಕುಪ್ಪಂನಲ್ಲಿ ಶಾಖೆ ತೆರೆದದ್ದು 1956ರ ದೀಕ್ಷೆಗಿಂತ ಎಷ್ಟೋ ದಶಕ ಮೊದಲು. ಹಗಲು ಗಣಿಯ ಆಳಕ್ಕೆ ಇಳಿದು ಬಂದವರೇ ಸಂಜೆ ಕೂತು ಧಮ್ಮ ಓದಿದರು.

ಆ ತಾಯಿಗೆ ನನ್ನ ಸಲಹೆ ಇಷ್ಟು. ಮಗನ ಪಕ್ಕದಲ್ಲಿ ಕೂತು ಒಂದು ಕಂತು ನೀವೂ ನೋಡಿ. ಯಾರು ಸತ್ತರೆ ಕ್ಯಾಮರಾ ನಿಲ್ಲುತ್ತದೆ, ಯಾರು ಸತ್ತರೆ ಮುಂದಕ್ಕೆ ಹೋಗಿಬಿಡುತ್ತದೆ ಎಂದು ಅವನನ್ನೇ ಕೇಳಿ. ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

*ಭಾನುವಾರದ ಓದಿಗೆ:* ಸಂಜೆ 5 ಗಂಟೆಗೆ ಎಂದಿನ ಜಾಗದಲ್ಲಿ ತಾಲಪುಟ ಸುತ್ತವನ್ನು ಪೂರ್ತಿ ಓದುತ್ತೇವೆ. ಬರುವವರು ಒಂದು ಚೀಟಿ ತನ್ನಿ. ನಿಮ್ಮ ಮನೆಯಿಂದ ಗಣಿಗೆ ಇಳಿದವರ ಪೂರ್ತಿ ಹೆಸರು, ಯಾವ ಶಾಫ್ಟ್, ಹೇಗೆ ತೀರಿಕೊಂಡರು, ಇಷ್ಟೇ. ತಮಿಳಿನಲ್ಲಿ ಬರೆದರೂ ಆಗುತ್ತದೆ. ಗೊತ್ತಿಲ್ಲದವರು ಅಷ್ಟರೊಳಗೆ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ. ಮಕ್ಕಳನ್ನು ಕರೆತನ್ನಿ, ಹೆಸರುಗಳನ್ನು ಅವರೇ ಓದಲಿ.