ಯೋಜನೆ ಮುಗಿದ ಮೇಲೆ ಸಂಘಕ್ಕೆ ಉಳಿಯುವುದೇನು?

ಅನುದಾನ ಬಂತು, ಯೋಜನೆ ಹಾಕಿಕೊಂಡೆವು ಎನ್ನುವ ಸಂಘಗಳು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಕಟ್ಟಡ ಏಳುತ್ತದೆ, ಉದ್ಘಾಟನೆಯೂ ಆಗುತ್ತದೆ. ಆಮೇಲೆ ಬಾಗಿಲಿಗೆ ಬೀಗ, ಸಂಘದ ತಲೆಗೆ ಸಾಲ. ನೇಕಾರರ ಸಂಘವಿರಲಿ, ಶಿಕ್ಷಣ ಸಂಸ್ಥೆಯಿರಲಿ, ಠರಾವು ಬರೆಯುವ ಮುಂಚೆ ಇವನ್ನು ನೋಡಿಕೊಳ್ಳಿ.

1. ಮೂಲ ಉದ್ದೇಶಕ್ಕೆ ತಾಳೆ ನೋಡಿ. ಬಾಗಲಕೋಟೆಯ ಬಿ.ವಿ.ವಿ. ಸಂಘ 1906ರಲ್ಲಿ ವಿದ್ಯೆಗಾಗಿ ಹುಟ್ಟಿದ್ದು. 1963ರಲ್ಲಿ ಎಂಜಿನಿಯರಿಂಗ್ ಕಾಲೇಜು, 2002ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಅದರ ಆಸ್ಪತ್ರೆಯೂ ವಿದ್ಯೆಯ ಕೆಲಸವೇ: ಊರಿನವರಿಗೆ ಚಿಕಿತ್ಸೆ, ವಿದ್ಯಾರ್ಥಿಗಳಿಗೆ ಪಾಠ.

2. ಅಳತೆ ಮೊದಲೇ ನಿಶ್ಚಯಿಸಿ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸುವುದಕ್ಕೆ ಟೋಪ ತೆನಿ ಎನ್ನುತ್ತಾರೆ. ಪ್ರತಿ ಸೀರೆಗೂ ಈ ಜೋಡಣೆ ಬೇಕು. ಹಾಗಾಗಿ ಆರು ಗಜವೋ, ಎಂಟೋ, ಒಂಬತ್ತೋ ಎಂಬುದು ನೇಯಲು ಕೂರುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಸಂಘ ಬಣ್ಣದ ಘಟಕ ಹಾಕುವುದಿದ್ದರೂ ಹೀಗೇ: ಎಷ್ಟು ಸದಸ್ಯರು ನೂಲು ತರುತ್ತಾರೆ, ಯಾವ ಬಣ್ಣಕ್ಕೆ ಗಿರಾಕಿ ಇದ್ದಾರೆ? ಉತ್ತರ ಸಿಕ್ಕ ಮೇಲೆಯೇ ಯಂತ್ರದ ಮಾತು.

3. ಗಡುವನ್ನು ಮಾರುಕಟ್ಟೆ ಹೇಳಲಿ, ಮಾರ್ಚ್ 31 ಅಲ್ಲ. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ. ಅಲ್ಲಿ ಮಳಿಗೆ ಹಾಕುವ ಆಸೆಯಿದ್ದರೆ ಮಾಲು ದೀಪಾವಳಿ ಹೊತ್ತಿಗೆ ಮಗ್ಗದಲ್ಲಿರಬೇಕು.

4. ನಾಳೆ ನಡೆಸುವವರು ಯಾರು? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಹುನಗುಂದದ ರಾಮಥಾಳ ಹನಿ ನೀರಾವರಿ ನೋಡಿ. ಕೃಷ್ಣಾ ಭಾಗ್ಯ ಜಲ ನಿಗಮ ಸುಮಾರು 24,000 ಹೆಕ್ಟೇರಿಗೆ ನೀರು ಕೊಡಲು ಕೈಗೊಂಡ ಯೋಜನೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಮಾಡಿತು. ಇದ್ದ ನೀರಲ್ಲೇ ಹೆಚ್ಚು ಹೊಲ ನೆನೆಯಲಿ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಕೆಲವೇ ವರ್ಷಗಳಲ್ಲಿ ಹಲವು ಹೊಲಗಳಲ್ಲಿ ಹನಿ ಪೈಪುಗಳ ಬಳಕೆ ನಿಂತುಹೋಯಿತು. ಫಿಲ್ಟರ್ ತೊಳೆಯುವುದು, ಉಳುಮೆಗೆ ಮುಂಚೆ ಪೈಪು ಸುತ್ತಿಡುವುದು, ಹರಿದದ್ದನ್ನು ಬದಲಿಸುವುದು, ನೀರಿನ ಸರದಿ ಕಾಯುವುದು: ಇವು ದಿನದಿನದ ಕೆಲಸಗಳು. ಇವುಗಳ ಹೊಣೆ, ಖರ್ಚು, ತರಬೇತಿ ಮೂರೂ ಯೋಜನಾ ವರದಿಯ ಮೊದಲ ಪುಟದಲ್ಲೇ ಇರಲಿ. ಬಳಸುವವರನ್ನು ಪೈಪು ಹೂಳುವ ಮುಂಚೆ ಕರೆದು ಕೂರಿಸಿ. ನೀರು ಹೊಲ ತಲುಪದಿದ್ದರೆ ನಿಗಮ ಹಾಕಿದ ದುಡ್ಡು ಮಣ್ಣಲ್ಲೇ ಉಳಿಯಿತು ಎಂದೇ ಅರ್ಥ.

5. ನಿಲ್ಲಿಸುವ ಅಧಿಕಾರ ಯಾರಿಗೆಂದು ಬರೆದಿಡಿ. ಅರ್ಧಕ್ಕೆ ಲುಕ್ಸಾನು ಕಂಡರೆ ಯಾರಾದರೂ ಸಾಕು ಎನ್ನಬೇಕು.

6. ಇಂದಿನ ಲೆಕ್ಕ ಇಂದೇ ತೆಗೆಯಿರಿ. ಸದಸ್ಯ ನೇಕಾರನಿಗೆ ಸೀರೆಗೆ ಸಿಗುವ ಮಜೂರಿ ಎಷ್ಟು, ಗೋದಾಮಿನಲ್ಲಿ ಮಾರದೆ ಉಳಿದ ಸೀರೆ ಎಷ್ಟು? ಈ ಎರಡು ಅಂಕಿಗಳನ್ನು ಠರಾವಿನ ಪುಸ್ತಕದಲ್ಲೇ ಬರೆದು, ಮುಂದಿನ ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಓದಿಸಿ.